1/10 ಟೂರಿಂಗ್ ಕಾರಿಗೆ ಕ್ಯಾಂಬರ್ ಗೇಜ್ ಸಾಕೇ, ಪೂರ್ತಿ ಸೆಟಪ್ ಸ್ಟೇಷನ್ ಬೇಕೇ?

ಪ್ರಶ್ನೆ: ಬಾಗಲಕೋಟೆ, ನವನಗರ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ರಿಮೋಟಿನಿಂದ ಓಡಿಸುವ, ನಿಜವಾದ ಕಾರಿನ 1/10 ಅಳತೆಯ ಎಲೆಕ್ಟ್ರಿಕ್ ಟೂರಿಂಗ್ ಕಾರು ಇದೆ. ಬೆಲ್ಟ್ ಡ್ರೈವ್, ಕಾರ್ಬನ್ ಫೈಬರ್ ಚಾಸಿ, ನಾಲ್ಕೂ ಚಕ್ರಕ್ಕೆ ಶಕ್ತಿ. ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹಿಂದಿನ ಮಾಲೀಕರು ಹೇಗೆ ಹೊಂದಿಸಿದ್ದರೋ ಹಾಗೆಯೇ ಓಡಿಸುತ್ತಿದ್ದೇನೆ. ನಮ್ಮ ಸೆಕ್ಟರಿನಲ್ಲಿ ಒಂದು ಖಾಲಿ ಡಾಂಬರು ಜಾಗವಿದೆ. ಭಾನುವಾರ ಬೆಳಗ್ಗೆ ವಾಹನ ಓಡಾಟ ಶುರುವಾಗುವ ಮೊದಲು ಅಲ್ಲಿ ಪ್ಲಾಸ್ಟಿಕ್ ಕೋನ್ ಇಟ್ಟು ಓಡಿಸುತ್ತೇವೆ.

ತೊಂದರೆ ಎರಡು. ನಿಧಾನ ಹೋಗುವಾಗ ಕಾರು ನೇರವಾಗಿ ಹೋಗುತ್ತದೆ, ಥ್ರಾಟಲ್ ಪೂರ್ತಿ ಒತ್ತಿದ ಕೂಡಲೇ ಎಡಕ್ಕೆ ಎಳೆಯುತ್ತದೆ. ಇನ್ನೊಂದು, ಎಡಕ್ಕೆ ತಿರುಗಿದಷ್ಟು ಬಿಗಿಯಾಗಿ ಬಲಕ್ಕೆ ತಿರುಗುವುದಿಲ್ಲ. ಮುಂದಿನ ಬಲಗಡೆಯ ಟಯರ್ ಒಳ ಅಂಚಿನಲ್ಲಿ ಮಾತ್ರ ಸವೆಯುತ್ತಿದೆ.

ಚಕ್ರಗಳ ಕೋನ ಅಳೆಯಲು ಏನು ಕೊಳ್ಳಲಿ ಎಂಬುದೇ ಗೊಂದಲ. ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ ಅಳೆಯಲು ನೂರಾರು ರೂಪಾಯಿಗೆ ಪ್ಲಾಸ್ಟಿಕ್ ಗೇಜ್ ಸಿಗುತ್ತದೆ. ಡಿಜಿಟಲ್ ಗೇಜ್ ಕೂಡ ಇದೆ. ಇನ್ನೊಂದು ತುದಿಯಲ್ಲಿ Hudy ಯಂತಹ ಕಂಪನಿಗಳ ಪೂರ್ಣ ಸೆಟಪ್ ಸ್ಟೇಷನ್ (ಚಕ್ರಗಳ ಎಲ್ಲ ಕೋನ ಅಳೆಯುವ ಸಲಕರಣೆ), ಆದರೆ ಕಸ್ಟಮ್ಸ್ ಸುಂಕ ಸೇರಿದರೆ ನನ್ನ ಕಾರಿನ ಅರ್ಧ ಬೆಲೆ ಅದಕ್ಕೇ ಆಗುತ್ತದೆ. ಒಮ್ಮೆಲೇ ದೊಡ್ಡದನ್ನು ಕೊಂಡುಬಿಡಲೇ? ಗೆಳೆಯನ ಬಳಿ ಮಣ್ಣಿನ ನೆಲದಲ್ಲಿ ಓಡಿಸುವ 1/8 ಬಗ್ಗಿ ಇದೆ, ಅದಕ್ಕೂ ಅದೇ ಸಾಮಾನು ಆಗುತ್ತದೆಯೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ವಿಜಯಪುರ

ತಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆಗುವುದಿಲ್ಲ. ಟೂರಿಂಗ್ ಕಾರಿನ ಚಕ್ರ 12 ಮಿ.ಮೀ. ಹೆಕ್ಸ್ (ಆಕ್ಸಲ್ ಮೇಲಿನ ಆರು ಮೂಲೆಯ ತುಂಡು) ಮೇಲೆ ಕೂರುತ್ತದೆ, 1/8 ಬಗ್ಗಿಯದು 17 ಮಿ.ಮೀ. ಆಕ್ಸಲ್ ಬೇರೆ, ಚಕ್ರದ ವ್ಯಾಸ ಬೇರೆ, ನೆಲದಿಂದ ಚಾಸಿಯ ಎತ್ತರವೂ ಬೇರೆ. ಆದ್ದರಿಂದ ಸ್ಟೇಷನ್ ಕೂಡ ಬೇರೆಯೇ ಬೇಕು.

ನಾನು ಬಗ್ಗಿ ಓಡಿಸುವವನು. ನಮ್ಮದು ಮೊರಂ ನೆಲ, ಧೂಳು. ನನಗೆ ಒಂದು ಸಾದಾ ಕ್ಯಾಂಬರ್ ಗೇಜ್, ಚಾಸಿಯ ಎತ್ತರ ಅಳೆಯುವ ಒಂದು ರೈಡ್ ಹೈಟ್ ಗೇಜ್, ಒಂದು ಡಿಜಿಟಲ್ ವರ್ನಿಯರ್ ಸಾಕಾಗಿದೆ. ಬಗ್ಗಿಯಲ್ಲಿ ಚಕ್ರ ಕೆಳಗೆ ಎಷ್ಟು ಇಳಿಯಬೇಕು ಎಂಬುದನ್ನು ಶಾಕ್ ಅಬ್ಸಾರ್ಬರಿನ ಉದ್ದವೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಶಾಕನ್ನು ಪೂರ್ತಿ ಎಳೆದು, ಮೇಲಿನ ಸ್ಕ್ರೂ ಮತ್ತು ಕೆಳಗಿನ ಸ್ಕ್ರೂ ನಡುವಿನ ಅಂತರವನ್ನು ವರ್ನಿಯರಿನಿಂದ ಅಳೆದು ಎಡ ಬಲ ಸಮ ಮಾಡಿಕೊಳ್ಳುತ್ತೇನೆ. ಹೊಂಡ ದಿಣ್ಣೆಯ ನೆಲದಲ್ಲಿ ಕಾಲು ಡಿಗ್ರಿಯ ವ್ಯತ್ಯಾಸ ನನ್ನ ಕೈಗೆ ತಿಳಿಯುವುದೇ ಇಲ್ಲ. ಡಾಂಬರಿನ ಕಾರಿನ ಮಾತು ಬೇರೆ. ಬೆಳಗಾವಿಯ ಅಣ್ಣ ಬಂದು ಹೇಳಲಿ.

ಉತ್ತರ: ಬೆಳಗಾವಿ, ಉದ್ಯಮಬಾಗ

ನಾನು ಉದ್ಯಮಬಾಗದ ಒಂದು ಮಶೀನ್ ಶಾಪಿನಲ್ಲಿ ತಪಾಸಣೆ ವಿಭಾಗದವನು. ದಿನವಿಡೀ ಸರ್ಫೇಸ್ ಪ್ಲೇಟಿನ (ಅಳತೆಗೆ ಆಧಾರವಾದ ಸಮತಟ್ಟು ಹಲಗೆ) ಮುಂದೆಯೇ ಕೂರುವ ಕೆಲಸ. ಆದ್ದರಿಂದ ಈ ಪ್ರಶ್ನೆಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನೀವು ಗೇಜಿನಿಂದ ಆರಂಭಿಸಿದ್ದೀರಿ. ಅದಕ್ಕೂ ಮೊದಲು ಸಮತಟ್ಟಾದ ಹಲಗೆ ಬೇಕು. ಟೂರಿಂಗ್ ಕಾರಿನ ಅಗಲ ಸುಮಾರು 190 ಮಿ.ಮೀ. ಅಷ್ಟು ಅಂತರದಲ್ಲಿ ಮೇಜು 1 ಮಿ.ಮೀ. ಏರುಪೇರಾಗಿದ್ದರೆ ಕೋನದಲ್ಲಿ 0.3 ಡಿಗ್ರಿ ತಪ್ಪು ಬರುತ್ತದೆ. ಚಾಸಿಯ ಕೆಳಗೆ ಇರುವುದೇ 5 ಮಿ.ಮೀ. ಆಸುಪಾಸು, ಅದರಲ್ಲಿ 1 ಮಿ.ಮೀ. ಎಂದರೆ ಐದನೇ ಒಂದು ಪಾಲು. ಪ್ಲೈವುಡ್ ಮೇಜಿನ ಮೇಲೆ ಎಷ್ಟು ದುಬಾರಿ ಸ್ಟೇಷನ್ ಇಟ್ಟರೂ ಈ ತಪ್ಪು ಹೋಗುವುದಿಲ್ಲ.

ಹಲಗೆಗೆ ಗಾಜು ಒಳ್ಳೆಯದು, ಅಗ್ಗವೂ ಹೌದು. ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ತಯಾರಿಸುತ್ತಾರೆ, ಅದರ ಸಮತಟ್ಟುತನ ಅಲ್ಲಿಂದ ಬಂದದ್ದು. 10 ಮಿ.ಮೀ. ದಪ್ಪದ್ದನ್ನು ಕೇಳಿ, ಅಂಚು ಮಸೆಸಿಕೊಳ್ಳಿ. ಟಫನ್ಡ್ ಗಾಜು ಬೇಡ. ಅದನ್ನು ಮತ್ತೆ ಕಾಯಿಸಿ ರೋಲರುಗಳ ಮೇಲೆ ಸಾಗಿಸುವಾಗ ಮೈಯಲ್ಲಿ ಸಣ್ಣ ಅಲೆ ಮೂಡುತ್ತದೆ. ನಿಮ್ಮ ಕಾರಿಗೆ 400 × 500 ಮಿ.ಮೀ. ಸಾಕು. ಗೆಳೆಯನ ಬಗ್ಗಿಯೂ ಕೂರಬೇಕಾದರೆ 450 × 600 ಮಾಡಿಸಿ.

ಇನ್ನೊಂದು ದಾರಿ ನಿಮ್ಮ ಜಿಲ್ಲೆಯಲ್ಲೇ ಇದೆ. ಇಳಕಲ್ಲಿನ ಗ್ರಾನೈಟ್ ಕತ್ತರಿಸುವ ಘಟಕಗಳಲ್ಲಿ ಉಳಿಕೆ ತುಂಡು ಕೇಳಿ ನೋಡಿ. ಆ ಕೆಂಪು ಕಲ್ಲಿನ ತುಂಡು ನನ್ನ ಮನೆಯಲ್ಲಿದೆ, ಬೆಳಗಾವಿಯ ಮಳೆಗಾಲದಲ್ಲೂ ಉಬ್ಬುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ನೆಲಹಾಸಿಗೆ ಪಾಲಿಶ್ ಮಾಡಿದ ಕಲ್ಲು ಕಾರ್ಖಾನೆಯ ಸರ್ಫೇಸ್ ಪ್ಲೇಟಿಗೆ ಸಮವಲ್ಲ. ಗಾಜಾಗಲಿ ಕಲ್ಲಾಗಲಿ, ಸ್ಟ್ರೈಟ್ ಎಡ್ಜನ್ನು (ನೇರ ಅಂಚಿನ ಪಟ್ಟಿ) ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ 0.1 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಲು ನೋಡಿ. ಎಲ್ಲಿಯೂ ತೂರದಿದ್ದರೆ ನಿಮ್ಮ ಕೆಲಸಕ್ಕೆ ಧಾರಾಳವಾಯಿತು. ಹಲಗೆಯ ಕೆಳಗೆ ಮೂರೇ ಕಾಲು ಇರಲಿ, ನಾಲ್ಕು ಬೇಡ. ಮೂರು ಬಿಂದುಗಳ ಮೇಲೆ ಕೂತದ್ದು ಅಲುಗುವುದಿಲ್ಲ, ತಿರುಚುವುದೂ ಇಲ್ಲ.

ಈಗ ಗೇಜ್. ಚಕ್ರಕ್ಕೆ ಒರಗಿಸಿ ಓದುವ ಚೌಕಟ್ಟಿನ ಗೇಜ್, ಅರ್ಧ ಡಿಗ್ರಿ ಗೆರೆಗಳಿದ್ದರೆ ಸಾಕು. ಯಾಕೆಂದರೆ ಕೋನ ಹೊಂದಿಸಲು ನೀವು ತಿರುಗಿಸುವ ಕಡ್ಡಿ, ಅಂದರೆ ಟರ್ನ್‌ಬಕಲ್ ಸಾಮಾನ್ಯವಾಗಿ 3 ಮಿ.ಮೀ.ಯದು, ಅದರ ಥ್ರೆಡ್ಡುಗಳ ಅಂತರ 0.5 ಮಿ.ಮೀ. ಒಂದು ತುದಿ ಬಲ ಥ್ರೆಡ್, ಇನ್ನೊಂದು ಎಡ ಥ್ರೆಡ್, ಹೀಗಾಗಿ ಒಂದು ಪೂರ್ಣ ಸುತ್ತಿಗೆ ಉದ್ದ 1 ಮಿ.ಮೀ. ಬದಲಾಗುತ್ತದೆ. ಕ್ಯಾಂಬರಿನಲ್ಲಿ ಅದು 2 ಡಿಗ್ರಿಗೆ ಹತ್ತಿರ, ಅಂದರೆ ಕಾಲು ಸುತ್ತು ಅರ್ಧ ಡಿಗ್ರಿ. ಕೈ ಹಿಡಿದಿಡಬಲ್ಲ ನಿಖರತೆಯೇ ಅಷ್ಟು. ಎರಡು ದಶಮಾಂಶ ತೋರಿಸುವ ಡಿಜಿಟಲ್ ಪರದೆಗೆ ಹೆಚ್ಚು ಹಣ ಕೊಡಬೇಡಿ. ಡಿಜಿಟಲ್ ಗೇಜ್ ಗುರುತ್ವವನ್ನು ಆಧಾರವಾಗಿಟ್ಟು ಓದುವುದರಿಂದ ಪ್ರತಿ ಸಲ ಹಲಗೆಯ ಮೇಲೆ ಸೊನ್ನೆ ಮಾಡಿಕೊಳ್ಳಬೇಕು, ಹಲಗೆ ಮಟ್ಟವಾಗಿಯೂ ಇರಬೇಕು. ಚೌಕಟ್ಟಿನ ಗೇಜಿಗೆ ಆ ಜಂಜಾಟವಿಲ್ಲ.

ಯಾವ ಗೇಜಾದರೂ ನಂಬುವ ಮೊದಲು ಒಂದು ಪರೀಕ್ಷೆ ಮಾಡಿ. ನಾಲ್ಕೂ ಚಕ್ರಗಳ ಕ್ಯಾಂಬರ್ ಬರೆದುಕೊಳ್ಳಿ. ಕಾರನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಇಟ್ಟು ಮತ್ತೆ ಅಳೆಯಿರಿ. ಅದೇ ಅಂಕಿಗಳು ಬಂದರೆ ಹಲಗೆ, ಗೇಜ್ ಎರಡೂ ಸರಿ. ಒಂದು ಬದಿಯದು ಹೆಚ್ಚಿ ಇನ್ನೊಂದು ಬದಿಯದು ತಗ್ಗಿದರೆ ಹಲಗೆ ಏರುಪೇರಾಗಿದೆ, ಡಿಜಿಟಲ್ ಗೇಜಾದರೆ ವಾಲಿರಲೂಬಹುದು. ಏನೂ ಬದಲಾಯಿಸದೆ ಇಟ್ಟ ಜಾಗದಲ್ಲೇ ಅಳೆದಾಗ ಪ್ರತಿ ಸಲ ಬೇರೆ ಬೇರೆ ಬಂದರೆ ಗೇಜಿನ ಕೀಲಿನಲ್ಲಿ ಪ್ಲೇ (ಸಡಿಲು) ಇದೆ, ಅಂಥದ್ದನ್ನು ವಾಪಸು ಕೊಡಿ. ಅಂಗಡಿಯವರು ಹೇಳುವ ಯಾವ ಗುಣಕ್ಕಿಂತಲೂ ಇದು ನನಗೆ ಮುಖ್ಯ: ಅದೇ ಕಾರಿಗೆ ಅದೇ ಅಂಕಿ ಮತ್ತೆ ಮತ್ತೆ ಬರಬೇಕು.

ಟಯರಿಗೆ ಒರಗಿಸಿ ಅಳೆದರೆ ಟಯರಿನ ಉಬ್ಬು ತಗ್ಗೂ ಅಂಕಿಯೊಳಗೆ ಸೇರಿಕೊಳ್ಳುತ್ತದೆ, ಇದು ನಿಜ. ಸ್ಟೇಷನ್ನಿನ ದೊಡ್ಡ ಲಾಭ ಇರುವುದು ಇಲ್ಲಿಯೇ. ಚಕ್ರ ಬಿಚ್ಚಿ ಅದರ ತಟ್ಟೆಗಳನ್ನು ನೇರವಾಗಿ ಆಕ್ಸಲ್‌ಗೆ ಜೋಡಿಸುತ್ತೀರಿ, ಕ್ಯಾಂಬರ್, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಮುಖವೋ ಹೊರಮುಖವೋ ಎಂಬ ಕೋನ), ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಜೊತೆಗೆ ಸ್ಟೀರಿಂಗ್ ಎರಡೂ ಕಡೆ ಎಷ್ಟೆಷ್ಟು ತಿರುಗುತ್ತದೆ ಎಂಬುದನ್ನೂ ಓದಬಹುದು. ಅದರ ಬದಲು ಟರ್ನರ್ ಒಬ್ಬರಿಂದ ನಾಲ್ಕು ಅಲ್ಯೂಮಿನಿಯಂ ತಟ್ಟೆ ಮಾಡಿಸಿಕೊಳ್ಳಬಹುದು. ವ್ಯಾಸ ನಿಮ್ಮ ಟಯರಿನಷ್ಟೇ, ನಡುವೆ ಆಕ್ಸಲ್‌ಗೆ ಸರಿಯಾದ ತೂತು, ಹೆಕ್ಸ್‌ನ ಮುಖಕ್ಕೆ ಒತ್ತಿ ಕೂತರೆ ಆಯಿತು. ತೂತು ಮತ್ತು ಮುಖ ಎರಡನ್ನೂ ಲೇತಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮಾಡಿ ಎಂದು ಹೇಳಿ, ಇಲ್ಲವಾದರೆ ತಟ್ಟೆ ತಿರುಗುವಾಗ ಓಲಾಡುತ್ತದೆ.

ಟೋ ಅಳೆಯುವುದು ಕಷ್ಟದ ಕೆಲಸ. ಸುಮಾರು 64 ಮಿ.ಮೀ. ವ್ಯಾಸದ ಚಕ್ರದಲ್ಲಿ 1 ಡಿಗ್ರಿ ಎಂದರೆ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 1.1 ಮಿ.ಮೀ. ವ್ಯತ್ಯಾಸ ಅಷ್ಟೇ. ಆ ತಟ್ಟೆಗೆ 200 ಮಿ.ಮೀ. ಉದ್ದದ ನೇರ ಪಟ್ಟಿ ಬಿಗಿದರೆ ಅದೇ 1 ಡಿಗ್ರಿ 3.5 ಮಿ.ಮೀ. ಆಗಿ ಕಾಣುತ್ತದೆ, ವರ್ನಿಯರಿಗೆ ಸುಲಭವಾಗಿ ಸಿಗುತ್ತದೆ. ಹಿಂದಿನ ಚಕ್ರಗಳ ಟೋ ನಿಮ್ಮಂಥ ಕಾರಿನಲ್ಲಿ ಸಾಮಾನ್ಯವಾಗಿ ಸಸ್ಪೆನ್ಷನ್ ಆರ್ಮ್ ಹಿಡಿದಿರುವ ಬ್ಲಾಕುಗಳಿಂದಲೇ ಬರುತ್ತದೆ, 3 ಡಿಗ್ರಿ ಒಳಮುಖ ಇರುವುದು ಹೆಚ್ಚು. ಅಲ್ಲಿ ನೀವು ನೋಡಬೇಕಾದದ್ದು ಎಡ ಬಲ ಒಂದೇ ಆಗಿದೆಯೇ ಎಂಬುದನ್ನು ಮಾತ್ರ.

ಅಳೆಯುವ ಮೊದಲು ಬ್ಯಾಟರಿ ಸಹಿತ ಓಟದ ತೂಕದಲ್ಲಿ ಕಾರು ಇರಲಿ. ಚಾಸಿಯನ್ನು ಎರಡು ಮೂರು ಸಲ ಒತ್ತಿ ಬಿಡಿ, ಕಾರನ್ನು ಸ್ವಲ್ಪ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಹಿಂದಕ್ಕೆ ಉರುಳಿಸಿದರೆ ಕೀಲುಗಳ ಪ್ಲೇ ಉಲ್ಟಾ ಕಡೆ ಸೇರಿ ಟೋ ತಪ್ಪು ತೋರಿಸುತ್ತದೆ. ಮೊದಲು ಶಾಕ್‌ಗಳ ಉದ್ದ, ಆಮೇಲೆ ಡ್ರೂಪ್ (ಚಕ್ರ ಕೆಳಗಿಳಿಯುವ ಮಿತಿ), ರೈಡ್ ಹೈಟ್, ಅದಾದ ಮೇಲೆಯೇ ಕ್ಯಾಂಬರ್ ಮತ್ತು ಟೋ. ರೈಡ್ ಹೈಟ್ ಬದಲಾದರೆ ಕ್ಯಾಂಬರ್ ತಾನಾಗಿಯೇ ಬದಲಾಗುತ್ತದೆ, ಹಿಂದುಮುಂದು ಮಾಡಿದರೆ ಎಲ್ಲ ಕೆಲಸ ಎರಡೆರಡು ಸಲ. ಟರ್ನ್‌ಬಕಲ್‌ಗಳ ಎಡ ಥ್ರೆಡ್ಡಿನ ತುದಿಯನ್ನು ಎಲ್ಲ ಕಡೆ ಕಾರಿನ ಒಂದೇ ಬದಿಗೆ ಹಾಕಿಕೊಳ್ಳಿ, ಟ್ರ್ಯಾಕಿನಲ್ಲಿ ಯಾವ ಕಡೆ ತಿರುಗಿಸಬೇಕೆಂದು ಯೋಚಿಸಬೇಕಾಗುವುದಿಲ್ಲ. ಅದರ ಪಾನಾ ಮಾತ್ರ ಒಳ್ಳೆಯ ಉಕ್ಕಿನದೇ ಇರಲಿ. ಮೆತ್ತನೆಯದು ಟರ್ನ್‌ಬಕಲ್‌ನ ಮೂಲೆಗಳನ್ನು ಸವೆಸಿ ಹಾಕುತ್ತದೆ.

ಈಗ ನಿಮ್ಮ ಕಾರು. ಥ್ರಾಟಲ್ ಒತ್ತಿದಾಗ ಎಡಕ್ಕೆ ಎಳೆಯುವುದು ಕ್ಯಾಂಬರಿಗಿಂತ ಹೆಚ್ಚಾಗಿ ಚಾಸಿ ತಿರುಚಿದ ಲಕ್ಷಣ. ಹಲಗೆಯ ಮೇಲೆ ಕಾರಿಟ್ಟು, ಹಿಂಭಾಗದ ಸರಿ ಮಧ್ಯಕ್ಕೆ ಅಲೆನ್ ಡ್ರೈವರಿನ ತುದಿ ಕೊಟ್ಟು ನಿಧಾನವಾಗಿ ಎತ್ತಿ. ಎರಡೂ ಚಕ್ರಗಳು ಒಟ್ಟಿಗೆ ಮೇಲೇಳಬೇಕು. ಮುಂದೆಯೂ ಹಾಗೆಯೇ ನೋಡಿ. ಒಂದು ಮೊದಲು ಎದ್ದರೆ ಮೇಲಿನ ಡೆಕ್ಕಿನ ಸ್ಕ್ರೂಗಳನ್ನು ಸಡಿಲಿಸಿ, ಚಾಸಿಯನ್ನು ಹಲಗೆಗೆ ಒತ್ತಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಅಡ್ಡಾದಿಡ್ಡಿ ಬಿಗಿಯುತ್ತ ಬನ್ನಿ. ಅಷ್ಟಕ್ಕೂ ಸರಿಹೋಗದಿದ್ದರೆ ಶಾಕ್ ಸ್ಪ್ರಿಂಗುಗಳ ಕಾಲರ್ ಮತ್ತು ಆಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ವಾಲುವುದನ್ನು ತಗ್ಗಿಸುವ ಸರಳು) ನೋಡಿ. ಸೆಕೆಂಡ್ ಹ್ಯಾಂಡ್ ಕಾರುಗಳಲ್ಲಿ ಬಾರ್ ಸ್ವಲ್ಪ ಬಗ್ಗಿರುವುದನ್ನು ನಾನು ಬಹಳ ನೋಡಿದ್ದೇನೆ.

ಮರುಪ್ರಶ್ನೆ: ಬಾಗಲಕೋಟೆ, ನವನಗರ

ಅಣ್ಣಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದಗಳು. ಸದ್ಯಕ್ಕೆ ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು ಎತ್ತಿ ನೋಡಿದೆ. ಹಿಂದೆ ಬಲಚಕ್ರ ಸ್ಪಷ್ಟವಾಗಿ ಮೊದಲು ಏಳುತ್ತದೆ. ಹಾಗಾದರೆ ಗಾಜು, ಚೌಕಟ್ಟಿನ ಗೇಜ್, ರೈಡ್ ಹೈಟ್ ಗೇಜ್, ವರ್ನಿಯರ್, ಇಷ್ಟು ಕೊಳ್ಳುತ್ತೇನೆ. ಸ್ಟೀರಿಂಗ್ ಎಡಕ್ಕೆ ಹೆಚ್ಚು ತಿರುಗುವುದನ್ನು ಸ್ಟೇಷನ್ ಇಲ್ಲದೆ ಹೇಗೆ ಅಳೆಯುವುದು?

ಉತ್ತರ: ಬೆಳಗಾವಿ, ಉದ್ಯಮಬಾಗ

ಮೊದಲು ಟ್ರಾನ್ಸ್‌ಮಿಟರಿನಲ್ಲಿ ಟ್ರಿಮ್ (ಸ್ಟೀರಿಂಗಿನ ನಡುಬಿಂದು ಸರಿಸುವ ಗುಂಡಿ) ಸೊನ್ನೆ ಮಾಡಿ. ಸರ್ವೋ (ಚಕ್ರ ತಿರುಗಿಸುವ ಪುಟ್ಟ ಮೋಟರ್) ನಡುವೆ ನಿಂತಾಗ ಅದರ ಹಾರ್ನ್ (ತೋಳು) ಸರಿಯಾಗಿ ಕೂತಿದೆಯೇ ನೋಡಿ, ಬಲ ಎಡ ಸ್ಟೀರಿಂಗ್ ಲಿಂಕುಗಳ ಉದ್ದವನ್ನು ವರ್ನಿಯರಿನಿಂದ ಸಮ ಮಾಡಿ. ಇದನ್ನು ಬಿಟ್ಟು ಟ್ರಿಮ್ ಒತ್ತಿ ನೇರ ಮಾಡಿಕೊಂಡರೆ ಒಂದು ಕಡೆಯ ತಿರುವು ಕಡಿಮೆಯಾಗಿಯೇ ತೀರುತ್ತದೆ. ನಿಮ್ಮ ಕಾರಿನಲ್ಲಿ ಆಗಿರುವುದು ಇದೇ ಇರಬಹುದು.

ಆಮೇಲೆ ಡಾಂಬರಿನ ಮೇಲೆ ಅಳೆಯಿರಿ. ನಿಧಾನ ವೇಗದಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ ಹಿಡಿದು ಒಂದು ಸುತ್ತು ಬಿಡಿ, ಸೀಮೆಸುಣ್ಣದಿಂದ ವೃತ್ತದ ಎರಡು ತುದಿ ಗುರುತಿಸಿ ಟೇಪ್ ಹಿಡಿಯಿರಿ. ಬಲಕ್ಕೂ ಹಾಗೆಯೇ. ದೊಡ್ಡ ವೃತ್ತ ಬರುವ ಕಡೆಗೆ ಚಕ್ರ ಇನ್ನೂ ತಿರುಗುವ ಜಾಗವಿದ್ದರೆ ಟ್ರಾನ್ಸ್‌ಮಿಟರಿನ ಎಂಡ್ ಪಾಯಿಂಟ್ (ಆ ಕಡೆಯ ತಿರುವಿನ ಮಿತಿ) ಹೆಚ್ಚಿಸಿ, ಇಲ್ಲದಿದ್ದರೆ ಇನ್ನೊಂದು ಕಡೆಯದನ್ನು ಇಳಿಸಿ. ಸರ್ವೋ ಗುಂಯ್‌ಗುಡುವವರೆಗೆ ಒತ್ತಾಯಿಸಬೇಡಿ, ಸುಟ್ಟುಹೋಗುತ್ತದೆ.

ಒಳ ಅಂಚು ಸವೆಯುವ ಬಲಗಡೆಯ ಟಯರಿನ ಕ್ಯಾಂಬರ್ ಅಳೆದು ಇಲ್ಲಿ ಹಾಕಿ. ಡಾಂಬರಿಗೆ ಮುಂದಿನ ಚಕ್ರಗಳಲ್ಲಿ ಮೈನಸ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿದ್ದು) 1.5 ರಿಂದ 2 ಡಿಗ್ರಿಯಿಂದ ಶುರು ಮಾಡಬಹುದು. ನಂತರ ಟಯರ್ ಅಡ್ಡಗಲಕ್ಕೆ ಸಮನಾಗಿ ಸವೆಯುವವರೆಗೆ ಅರ್ಧ ಅರ್ಧ ಡಿಗ್ರಿ ಬದಲಿಸುತ್ತ ಹೋಗಿ.

ಉತ್ತರ: ವಿಜಯಪುರ

ಒಂದು ಮಾತು ಸೇರಿಸುತ್ತೇನೆ. ಟೂರಿಂಗ್ ಕಾರಿನಲ್ಲಿ ಬ್ಯಾಟರಿ ಒಂದು ಬದಿ, ಮೋಟರ್ ಇನ್ನೊಂದು ಬದಿ ಕೂರುವುದರಿಂದ ಎಡ ಬಲ ತೂಕವನ್ನೂ ನೋಡಿಕೊಳ್ಳಿ. ಒಂದೇ ಮಾದರಿಯ ಎರಡು ಡಿಜಿಟಲ್ ಅಡುಗೆ ತಕ್ಕಡಿ ಸಾಕು. ಎಡಗಡೆಯ ಎರಡು ಚಕ್ರ ಒಂದರ ಮೇಲೆ, ಬಲಗಡೆಯ ಎರಡು ಇನ್ನೊಂದರ ಮೇಲೆ ನಿಲ್ಲುವಂತೆ ಉದ್ದನೆಯ ಪಟ್ಟಿ ಇಟ್ಟು, ಪಟ್ಟಿಯ ತೂಕ ಸೊನ್ನೆ ಮಾಡಿ, ಕಾರಿಡಿ. ವ್ಯತ್ಯಾಸ ಬಂದರೆ ಕಡಿಮೆ ಇರುವ ಬದಿಗೆ ಸೀಸದ ತುಂಡು ಅಂಟಿಸಿ. ಕಾರಿನ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡುವ ಟಯರ್ ಅಂಗಡಿಯಲ್ಲಿ 5 ಗ್ರಾಂನ ಅಂಟು ತುಂಡುಗಳು ಸಿಗುತ್ತವೆ.