"ಬಿಪಿ ಇಲ್ಲ" ಅಂದರೆ ಏನು? ವೈಟಲ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಸಿಗದೆ ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದವಳು. ಈಗ ಕಲಘಟಗಿ ಕಡೆಯ ಹಳ್ಳಿಗಳಲ್ಲಿ ಹುಡುಗ ಹುಡುಗಿಯರಿಗೆ, 108 ಗಾಡಿ ಬರುವ ತನಕ ಪೇಶಂಟ್ ಹತ್ತಿರ ಕೂತು ಏನೇನು ನೋಡಿ ಬರೆದಿಡಬೇಕು ಅಂತ ಹೇಳಿಕೊಡುತ್ತೇನೆ. ಅದಕ್ಕೊಂದು ಹಾಳೆ ಮಾಡಬೇಕು. ನಾಡಿ, ಉಸಿರು, ಬಿಪಿ, ಮೈ ಬಿಸಿ, ಆಕ್ಸಿಜನ್, ಇವೆಲ್ಲ ಸೇರಿ ಆಸ್ಪತ್ರೆಯಲ್ಲಿ ನಮಗೆ "ವೈಟಲ್ಸ್". ಹಾಳೆಯ ಮೇಲ್ಗಡೆ ಏನಂತ ಬರೆಯಲಿ?

ಮೊಬೈಲನ್ನು ಕೇಳಿದರೆ "ಪ್ರಮುಖ ಚಿಹ್ನೆಗಳು" ಅಂತ ಕೊಟ್ಟಿತು. ಅದನ್ನು ಓದಿದ ಹುಡುಗನೊಬ್ಬ "ಅಕ್ಕಾರ, ಇದು ಇಲೆಕ್ಷನ್ ಹಾಳಿ ಏನ್ರಿ?" ಅಂದ. "ಜೀವಲಕ್ಷಣ" ಅನ್ನಬಹುದಿತ್ತು, ಆದರೆ ಲಕ್ಷಣ ಅಂದ ಕೂಡಲೇ ನಮಗೆ ನೆನಪಾಗುವುದು ರೋಗದ ಲಕ್ಷಣ. ತಲೆನೋವು, ಬವಳಿ ಇವೆಲ್ಲ ಪೇಶಂಟ್ ಬಾಯಿಬಿಟ್ಟು ಹೇಳುವಂಥವು. ನಾಡಿ, ಬಿಪಿ ಹಾಗಲ್ಲ, ಅವನ್ನು ನಾವು ಅಳೆದು ನೋಡಬೇಕು. ಎರಡಕ್ಕೂ ಒಂದೇ ಪದ ಇಟ್ಟರೆ ಕಲಿಯುವವರಿಗೆ ಗೊಂದಲ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಬಿಪಿ ಎನ್ನುವುದು ಎಲ್ಲರಿಗೂ ಇರುವ ಒಂದು ಅಳತೆ. ಆದರೆ ನಮ್ಮ ಕಡೆ "ಬಿಪಿ ಐತ್ರಿ" ಅಂದರೆ ಜಾಸ್ತಿ ಬಿಪಿಯ ಕಾಯಿಲೆ ಇದೆ ಅಂತ ಅರ್ಥ. "ಬಿಪಿ ಇಲ್ರಿ" ಅಂದರೆ ಆರಾಮ ಇದ್ದಾರೆ ಅಂತ. ಒಮ್ಮೆ ಮೈಯೆಲ್ಲ ಬೆವೆತು ಕೂತಿದ್ದ ಒಬ್ಬ ಅಜ್ಜನ ಬಗ್ಗೆ ಮನೆಯವರು ಹೇಳಿದ್ದನ್ನೇ ನಮ್ಮ ಹುಡುಗಿ ಚೀಟಿಯಲ್ಲಿ "ಬಿಪಿ ಇಲ್ಲ" ಅಂತ ಬರೆದು ಕಳಿಸಿದಳು. ಆಸ್ಪತ್ರೆಯಲ್ಲಿ ಅದನ್ನು ಓದಿದವರು ಎದ್ದುಬಿದ್ದು ಓಡಿ ಬಂದರು, ಯಾಕಂದರೆ ಅವರ ಭಾಷೆಯಲ್ಲಿ ಬಿಪಿ ಇಲ್ಲ ಅಂದರೆ ಪಟ್ಟಿ ಕಟ್ಟಿ ನೋಡಿದರೂ ಸಿಗುತ್ತಿಲ್ಲ, ಜೀವ ಹೋಗುವ ಹೊತ್ತು ಅಂತ. ನೋಡಿದರೆ 90/60 ಇತ್ತು. ಕಡಿಮೆಯೇ, ಆದರೆ ಇತ್ತು.

ಬೇರೆ ಅಳತೆಗಳಿಗೂ ಇದೇ ಗತಿ. "ಶುಗರ್ ಐತಿ", "ಟೆಂಪರೇಚರ್ ಐತಿ". ಜ್ವರ ನೋಡು ಅಂದರೆ ಹಣೆ ಮುಟ್ಟಿ "ಜ್ವರ ಇಲ್ರಿ" ಅಂತ ಮುಗಿಸುತ್ತಾರೆ, ಅಂಕಿ ಬರೆಯುವುದೇ ಇಲ್ಲ. ಮೈ ತಣ್ಣಗಾಗಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೂ ಅಪಾಯವೇ ಅಲ್ವಾ? ಅದಕ್ಕೇ ನಾನು ಜ್ವರ ಬಿಟ್ಟು "ಮೈ ಬಿಸಿ ಎಷ್ಟು" ಅಂತ ಕೇಳುತ್ತೇನೆ. ಇದು ಇಂಗ್ಲಿಷಿನಿಂದ ಬಂದ ರೋಗ ಅಂತ ಮೊದಲು ಅಂದುಕೊಂಡಿದ್ದೆ. ಆದರೆ ದಮ್ಮು ನೋಡಿ. ಪಾರಸಿಯಿಂದ ಬಂದ ಆ ಪದಕ್ಕೆ ಅರ್ಥ ಬರೀ ಉಸಿರು. "ದಮ್ಮು ಐತ್ರಿ" ಅಂದರೆ ಮಾತ್ರ ಉಬ್ಬಸ! ನಮ್ಮ ಜನ ಬಿಪಿಗೆ ಮಾಡಿದ್ದನ್ನು ದಮ್ಮಿಗೆ ಎಂದೋ ಮಾಡಿ ಮುಗಿಸಿದ್ದಾರೆ.

ಹಳೆಯ ನಿಘಂಟುಗಳನ್ನೂ ತಿರುವಿದೆ, ಬೇಕಾದ ಪದ ಸಿಗಲಿಲ್ಲ. ಧಾರವಾಡದಲ್ಲಿದ್ದ ಕಿಟೆಲ್ಲರ ನಿಘಂಟು ಬಂದದ್ದು 1894ರಲ್ಲಿ, ಇಟಲಿಯ ರೀವಾ-ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಉಪಕರಣದ ಬಗ್ಗೆ ಬರೆದದ್ದು 1896ರಲ್ಲಿ. ಪಾಪ, ಅವರೇನು ಮಾಡಬೇಕು.

ಕೊನೆಗೆ ದಾರಿ ತೋರಿಸಿದ್ದು ಒಬ್ಬ ಅಜ್ಜಿ. ನಾನು ಒಬ್ಬರ ಮಣಿಕಟ್ಟು ಹಿಡಿದು ಕೂತಿದ್ದೆ. ನಾಡಿ ಎಣಿಸಿ ಮುಗಿದಿತ್ತು, ಆದರೂ ಕೈ ಬಿಡದೆ ಎದೆ ಏರಿಳಿಯುವುದನ್ನು ನೋಡುತ್ತ ಉಸಿರು ಎಣಿಸುತ್ತಿದ್ದೆ. (ನಿಮ್ಮ ಉಸಿರು ಎಣಿಸ್ತೀನಿ ಅಂತ ಹೇಳಿಬಿಟ್ಟರೆ ಉಸಿರಾಟವೇ ಬದಲಾಗುತ್ತದೆ, ಅದಕ್ಕೆ ಈ ಸಣ್ಣ ಮೋಸ. ದೊಡ್ಡವರಲ್ಲಿ ನಿಮಿಷಕ್ಕೆ ಉಸಿರು 12ರಿಂದ 20, ನಾಡಿ 60ರಿಂದ 100 ಇದ್ದರೆ ಸರಿ.) ಅಜ್ಜಿ ಕೇಳಿದಳು: "ನಾಡಿ-ಉಸುರು ನೋಡಿದೇನವಾ?"

ನಾಡಿ-ಉಸಿರು! ದನ-ಕರ ಅಂದರೆ ಎಮ್ಮೆಯೂ ಸೇರಿತು, ಹೊಲ-ಮನೆ ಅಂದರೆ ಬಾವಿಯೂ ಬಂತು. ಎರಡು ಹೆಸರು ಹೇಳಿ ಇಡೀ ಗುಂಪನ್ನು ಕರೆಯುವುದು ನಮ್ಮ ಭಾಷೆಗೆ ಹೊಸದಲ್ಲ. ಹಾಗಾದರೆ ಬಿಪಿ, ಮೈ ಬಿಸಿ, ಆಕ್ಸಿಜನ್ ಮೂರೂ ಅದರೊಳಗೆ ಸೇರಬಹುದಲ್ಲ? ಬರೀ ನಾಡಿಮಿಡಿತ ಅಂತ ಇಡೋಣ ಅಂದ್ರು ಒಬ್ಬರು, ಆದರೆ ಪೇಪರಿನವರು ಅದನ್ನು ಮತದಾರರಿಗೆ ಬರೆದುಕೊಟ್ಟಾಗಿದೆ.

ಹಾಳೆಯ ಮೇಲೆ ಸದ್ಯಕ್ಕೆ "ನಾಡಿ-ಉಸಿರು ಹಾಳೆ" ಅಂತ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ಗದಗ, ಹಾವೇರಿ ಕಡೆಯವರು ಹೀಗೆ ಅಂತೀರಾ? ಮೈಸೂರು ಕಡೆಯವರಿಗೆ ಇದು ಅರ್ಥವಾಗುತ್ತಾ? ಹಾಗೇ ಇನ್ನೊಂದು. ಕೂಗಿದರೆ "ಓ" ಅನ್ನುವವನಿಗೂ, ಚಿವುಟಿದರೆ ಮಾತ್ರ ಮಿಸುಕುವವನಿಗೂ ನಮ್ಮಲ್ಲಿ "ಖಬರಿಲ್ಲ" ಅಂತ ಒಂದೇ ಮಾತು. ಇವೆರಡನ್ನು ಬೇರೆ ಮಾಡಿ ಹೇಳುವ ಪದ ನಿಮ್ಮ ಊರಲ್ಲಿ ಇದ್ದರೆ ಅದನ್ನೂ ಬರೆಯಿರಿ.