ಅಪ್‌ಡೇಟ್: ಡಿಸೆಂಬರ್ ಮುಗೀತು, ಲೆಕ್ಕ ಇಲ್ಲಿದೆ

ನವೆಂಬರ್‌ನಲ್ಲಿ ಕೇಳಿದ್ದೆ, ನೆನಪಿದೆಯಾ? ನಾನಿರೋದು ಇಂಗ್ಲೆಂಡಿನಲ್ಲಿ. ಕ್ರಿಸ್‌ಮಸ್ ಹೊತ್ತಿಗೆ ಪ್ರೀಮಿಯರ್ ಲೀಗ್ ಫುಟ್‌ಬಾಲ್ ಪಂದ್ಯಗಳು ಒಂದರ ಹಿಂದೆ ಒಂದು ಬರುತ್ತವೆ, ಬೆಟ್ಟಿಂಗ್ ಕೈಮೀರದ ಹಾಗೆ ಹೇಗೆ ನೋಡಿಕೊಳ್ಳೋದು ಅಂತ.

ನೀವು ಹೇಳಿದ ಹಾಗೆ ಆಪ್‌ನಲ್ಲಿ ತಿಂಗಳಿಗೆ 40 ಪೌಂಡ್ ಮಿತಿ ಹಾಕಿದೆ. ಮಿತಿ ಇಳಿಸಿದರೆ ತಕ್ಷಣ ಜಾರಿ, ಏರಿಸೋಕೆ 24 ಗಂಟೆ ಕಾಯಬೇಕು. ಆ ಒಂದು ದಿನದ ಕಾಯುವಿಕೆ ನನ್ನನ್ನು ಎರಡು ಸಲ ಉಳಿಸಿತು. ಕ್ರೆಡಿಟ್ ಕಾರ್ಡಿನ ಭಯವಿಲ್ಲ, 2020ರ ಏಪ್ರಿಲ್‌ನಿಂದ ಇಲ್ಲಿ ಅದರಲ್ಲಿ ಬೆಟ್ ಕಟ್ಟೋ ಹಾಗಿಲ್ಲ.

ನೋಟ್‌ಬುಕ್ ಇಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಸುಮ್ನೆ ಒಂದು ಪಂದ್ಯದ ಆಡ್ಸ್ (ಒಂದು ಪೌಂಡ್ ಕಟ್ಟಿ ಗೆದ್ದರೆ ಒಟ್ಟು ಎಷ್ಟು ಕೈಗೆ ಬರುತ್ತೆ ಅನ್ನೋದು) ಬರೆದುಕೊಂಡೆ: ಗೆಲುವಿಗೆ 2.10, ಡ್ರಾಗೆ 3.40, ಸೋಲಿಗೆ 3.50. ನೂರನ್ನು ಒಂದೊಂದರಿಂದ ಭಾಗಿಸಿದರೆ ಆಡ್ಸ್ ಪ್ರಕಾರ ಅದಾಗೋ ಸಾಧ್ಯತೆ ಶೇಕಡಾ ಎಷ್ಟು ಅಂತ ಸಿಗುತ್ತೆ; ಮೂರನ್ನೂ ಕೂಡಿಸಿದರೆ ಸುಮಾರು 105.6. ನೂರಾಗಬೇಕಿತ್ತು ಅಲ್ವಾ? ಮೇಲಿನ ಐದೂವರೆ ಬುಕ್ಕಿಯ ಪಾಲು. ಇಷ್ಟು ವರ್ಷ ಇದನ್ನು ನೋಡೇ ಇರಲಿಲ್ಲ!

ಬಾಕ್ಸಿಂಗ್ ಡೇ ದಿನ, ಅಂದ್ರೆ ಕ್ರಿಸ್‌ಮಸ್ ಮರುದಿನ, ಮಾತ್ರ ಎಡವಿದೆ. ಮಧ್ಯಾಹ್ನ 5 ಪೌಂಡ್ ಹೋಯಿತು. ಅದನ್ನು ವಾಪಸ್ ತರೋಕೆ ಸಂಜೆ 15 ಹಾಕಿದೆ, ಅದೂ ಹೋಯಿತು. ನೋಟ್‌ಬುಕ್ಕಿನಲ್ಲಿ 'ಕಾರಣ' ಅನ್ನೋ ಕಡೆ 'ಸಿಟ್ಟು' ಅಂತ ಬರೆದಿದ್ದೇನೆ.

ಒಟ್ಟು ನಷ್ಟ 31 ಪೌಂಡ್. ಹೆಂಡತಿಗೆ ಪುಟ ತೋರಿಸಿದೆ. "ಹತ್ತು ಕೆಜಿ ಸೋನಾ ಮಸೂರಿ ಬಂದು ಇನ್ನೂ ಮಿಗ್ತಿತ್ತು" ಅಂದಳು. ಜನವರಿಗೆ ಬ್ಯಾಂಕ್ ಆಪ್‌ನಲ್ಲಿ ಗ್ಯಾಂಬ್ಲಿಂಗ್ ಬ್ಲಾಕ್ ಒತ್ತಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಗ್ಯಾಮ್‌ಸ್ಟಾಪ್ ಇದೆ, ನಮಗೆ ನಾವೇ ನಿಷೇಧ ಹಾಕಿಕೊಳ್ಳೋ ಸೇವೆ; ಹೆಸರು ಕೊಟ್ಟರೆ ಇಲ್ಲಿನ ಲೈಸೆನ್ಸ್ ಇರೋ ಸೈಟ್‌ಗಳೆಲ್ಲ ಕನಿಷ್ಠ ಆರು ತಿಂಗಳು ಬಂದ್.