ಮೆಟ್ರೋ ಗಾಡಿಯ ಕೆಳಗಿನ ಪೆಟ್ಟಿಗೆ: ಬೋಲ್ಟ್ ಮತ್ತೆ ಮತ್ತೆ ಸಡಿಲ, ಒಳಗೆ ಮಳೆನೀರು

ಕೆಳಚೌಕಟ್ಟು:
ಅಲ್ಯೂಮಿನಿಯಂ ಬಾಡಿಯ ಮೆಟ್ರೋ ಗಾಡಿ. ನೆಲದ ಕೆಳಗೆ ಸುಮಾರು 400 ಕೆ.ಜಿ. ತೂಕದ ಉಕ್ಕಿನ ಕನ್ವರ್ಟರ್ (ವಿದ್ಯುತ್ತನ್ನು ಬೇಕಾದ ರೂಪಕ್ಕೆ ಬದಲಿಸುವ ಸಾಧನ) ಪೆಟ್ಟಿಗೆ ತೂಗುಹಾಕಿದ್ದೇವೆ. ಬಾಡಿಯ ಸಿ ಆಕಾರದ ಉದ್ದ ತೋಡು, ಅಂದರೆ ಸಿ-ಸ್ಲಾಟ್‌ನಲ್ಲಿ ಟಿ-ತಲೆಯ ಎಂ16 (16 ಮಿ.ಮೀ. ದಪ್ಪದ) ಬೋಲ್ಟ್‌ಗಳು ಜಾರುತ್ತವೆ. ಪೆಟ್ಟಿಗೆಯ ನಾಲ್ಕು ಕಿವಿಗಳಲ್ಲೂ (ಬೋಲ್ಟ್ ಹಾಕಲು ಚಾಚಿದ ಪಟ್ಟಿಗಳು) ಉದ್ದ ತೂತು ಇದೆ, ಹಾಗಾಗಿ ಎರಡೂ ದಿಕ್ಕಿಗೆ ಹೊಂದಿಸಬಹುದು. ತೊಂದರೆ ಎರಡು. ಮಳೆ ಬಂದಾಗ ಬಾಗಿಲಿನ ಒಂದು ಮೂಲೆಯಿಂದ ನೀರು ಒಳಗೆ ಬರುತ್ತಿದೆ, ಆ ಮೂಲೆಯ ಚಿಲಕವೂ ಬಿಗಿ. ಇನ್ನೊಂದು, ಹಿಂಬದಿಯ ಒಂದು ಬೋಲ್ಟ್ ಮೇಲೆ, ಸಡಿಲಾದರೆ ಗೊತ್ತಾಗಲಿ ಅಂತ ಎಳೆದ ಬಣ್ಣದ ಗೆರೆ ಪ್ರತಿ ತಪಾಸಣೆಯಲ್ಲೂ ಸರಿದಿರುತ್ತದೆ. ಗ್ಯಾಸ್ಕೆಟ್ ಬದಲಾಯಿಸಿದರೂ ನೀರು ನಿಲ್ಲಲಿಲ್ಲ. ಇವು ಎರಡು ಬೇರೆ ದೋಷಗಳಾ?

ಗೇಜ್1676:
ಎರಡಕ್ಕೂ ಕಾರಣ ಒಂದೇ ಇರಬಹುದು. ಪೆಟ್ಟಿಗೆ ತಿರುಚಿಕೊಂಡಿದೆ ಅನ್ನಿಸುತ್ತದೆ. ಸಮವಲ್ಲದ ನೆಲದ ಮೇಲೆ ನಾಲ್ಕು ಕಾಲಿನ ಮಂಚ ಇಟ್ಟರೆ ಒಂದು ಕಾಲು ಗಾಳಿಯಲ್ಲಿ ಇರುತ್ತೆ ಅಲ್ವಾ, ಇಲ್ಲೂ ಹಾಗೇ. ಮೂರು ಕಿವಿಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ. ನಾಲ್ಕನೆಯದನ್ನು ಬೋಲ್ಟ್ ಎಳೆದು ಕೂರಿಸುತ್ತದೆ. ಆಗ ಪೆಟ್ಟಿಗೆ ತಿರುಚುತ್ತದೆ, ಬಾಗಿಲಿನ ಚೌಕಟ್ಟು ಓರೆಯಾಗುತ್ತದೆ. ಎಷ್ಟು ಗ್ಯಾಸ್ಕೆಟ್ ಬದಲಾಯಿಸಿದರೂ ಓರೆ ಹೋಗಲ್ಲ.

ಪರೀಕ್ಷೆ ಸುಲಭ. ಪೆಟ್ಟಿಗೆಯ ಕೆಳಗೆ ಲಿಫ್ಟ್ ಟೇಬಲ್ ಕೊಟ್ಟು ಸಿದ್ಧವಾಗಿಡಿ, ಆದರೆ ಮೇಲಕ್ಕೆ ಒತ್ತಬೇಡಿ. ಸಂಶಯದ ಬೋಲ್ಟ್ ಒಂದನ್ನೇ ನಿಧಾನಕ್ಕೆ ಸಡಿಲಿಸಿ. ಕಿವಿ ಮತ್ತು ಸ್ಲಾಟ್ ನಡುವೆ ಸಂದು ತೆರೆದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಹಾಕಿ ಅಳೆಯಿರಿ. ಬಿಗಿ ಇದ್ದಾಗ ಒಮ್ಮೆ, ಸಡಿಲಿಸಿದ ಮೇಲೆ ಒಮ್ಮೆ ಬಾಗಿಲಿನ ಎರಡೂ ಕರ್ಣ ಅಳೆಯಿರಿ.

ಗಾಡಿ ಚಕ್ರದ ಮೇಲೆ ನಿಂತಿರಬೇಕು, ಜಾಕ್ ಮೇಲಲ್ಲ. ಪ್ರಯಾಣಿಕರ ಭಾರಕ್ಕೆ ಬಾಡಿ ಬಾಗುತ್ತದೆ ಅಂತ ಅದನ್ನು ಮೊದಲೇ ಸ್ವಲ್ಪ ಮೇಲಕ್ಕೆ ಉಬ್ಬಿಸಿ ಕಟ್ಟುತ್ತಾರೆ. ಎತ್ತುವ ಜಾಗ ಬದಲಾದರೆ ಈ ಆಕಾರವೂ ಬದಲಾಗುತ್ತದೆ, ನಿಮ್ಮ ಅಳತೆ ಸುಳ್ಳು ಹೇಳುತ್ತದೆ.

ಬೋಲ್ಟ್_ನಟ್:
ಸರಿದ ಗೆರೆಗೂ ಇದೇ ಉತ್ತರ. ಟಾರ್ಕ್ ರೆಂಚ್ (ನಿಗದಿತ ತಿರುಗುಬಲ ಅಂದರೆ ಟಾರ್ಕ್ ಮುಟ್ಟಿದಾಗ ತಿಳಿಸುವ ಸ್ಪ್ಯಾನರ್) ಕ್ಲಿಕ್ ಅಂದಿತು ಅಂದ ಮಾತ್ರಕ್ಕೆ ಕೀಲು ಹಿಡಿದಿದೆ ಅಂತಲ್ಲ. ಬೋಲ್ಟ್ ಬಲದ ಒಂದು ಭಾಗ ಸಂದು ಮುಚ್ಚೋದಕ್ಕೇ ಖರ್ಚಾಗುತ್ತದೆ. ಹಿಡಿತಕ್ಕೆ ಉಳಿಯೋದು ಕಡಿಮೆ.

ಲೆಕ್ಕ ನೋಡಿ. ಇಎನ್ 12663 (ರೈಲುಗಾಡಿ ಬಾಡಿಯ ಗಟ್ಟಿತನದ ಯುರೋಪಿಯನ್ ಮಾನದಂಡ) ಪ್ರಕಾರ ಮೆಟ್ರೋ ಗಾಡಿಯ ಉಪಕರಣದ ಹಿಡಿಕೆಗಳು ಉದ್ದುದ್ದಕ್ಕೆ 3 ಜಿ, ಅಂದರೆ ಉಪಕರಣದ ತೂಕದ ಮೂರರಷ್ಟು ಬಲ ತಡೆಯಬೇಕು. 400 ಕೆ.ಜಿ.ಗೆ ಅದು ಸುಮಾರು 12 ಕಿಲೋನ್ಯೂಟನ್. ಉದ್ದ ತೂತಿನಲ್ಲಿ ಇದನ್ನು ಹಿಡಿಯೋದು ಬರೀ ಘರ್ಷಣೆ. ಘರ್ಷಣೆಯ ಗುಣಾಂಕ 0.15 ಅಂತ ಹಿಡಿದರೆ ನಾಲ್ಕೂ ಬೋಲ್ಟ್ ಹಿಡಿದಿದ್ದರೆ ಒಂದೊಂದಕ್ಕೆ 20 ಕಿಲೋನ್ಯೂಟನ್ ಒತ್ತುಬಲ (ಬೋಲ್ಟ್ ಕೀಲನ್ನು ಒತ್ತಿ ಹಿಡಿಯುವ ಬಲ) ಬೇಕು. ಒಂದು ಕೈಕೊಟ್ಟರೆ ಉಳಿದ ಮೂರಕ್ಕೆ ತಲಾ ಸುಮಾರು 27 ಆಗುತ್ತದೆ. ಪೆಟ್ಟಿಗೆಯ ತೂಕ ಕೆಳಕ್ಕೆ ಎಳೆಯೋದು ಬೇರೆ. 8.8 ದರ್ಜೆಯ (ಬೋಲ್ಟ್ ಉಕ್ಕಿನ ಬಲದ ದರ್ಜೆ) ಎಂ16 ಇದಕ್ಕಿಂತ ಎಷ್ಟೋ ಜಾಸ್ತಿ ಒತ್ತಬಲ್ಲದು. ಆದರೆ ಇಲ್ಲಿ ಮಿತಿ ಹಾಕೋದು ಅಲ್ಯೂಮಿನಿಯಂ ಸ್ಲಾಟ್‌ನ ತುಟಿ. ಸುಮ್ನೆ ಟಾರ್ಕ್ ಏರಿಸಬೇಡಿ, ತುಟಿ ಬಾಗಿದರೆ ಬಾಡಿಯೇ ಹಾಳು.

ಕಿವಿಯ ಮೇಲೆ, ವಾಷರ್ ಕೆಳಗೆ ದಪ್ಪ ಬಣ್ಣ ಇದೆಯಾ? ಬಣ್ಣ ಅಮುಕಿ ತೆಳುವಾದಂತೆ ಒತ್ತುಬಲ ಇಳಿಯುತ್ತದೆ. ಬೋಲ್ಟ್ ಗಿಡ್ಡ ಇದ್ದಷ್ಟೂ ಈ ನಷ್ಟ ಜಾಸ್ತಿ.

ಕೆಳಚೌಕಟ್ಟು:
ಅಳೆದೆವು. ಹಿಂಬದಿಯ ಆ ಮೂಲೆಯಲ್ಲಿ 2.5 ಮಿ.ಮೀ. ಸಂದು ಇದೆ. ಬಿಗಿ ಇದ್ದಾಗ ಕರ್ಣಗಳಲ್ಲಿ ವ್ಯತ್ಯಾಸ ಕಾಣುತ್ತಿತ್ತು, ಬೋಲ್ಟ್ ಸಡಿಲಿಸಿದ ತಕ್ಷಣ ಸರಿಹೋಯಿತು. ಚಿಲಕವೂ ಬೆರಳಲ್ಲೇ ತಿರುಗಿತು! ವಾಷರ್ ಕೆಳಗೆ ಬಣ್ಣವೂ ಇದೆ. ಈಗ ಶಿಮ್ (ಸಂದು ತುಂಬುವ ತೆಳು ಲೋಹದ ಬಿಲ್ಲೆ) ಹಾಕಿದರೆ ಸಾಕಾ?

ಗೇಜ್1676:
ಆ ಒಂದು ಮೂಲೆಗೆ ಮಾತ್ರ ಹಾಕಿ. ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಪ್ರತಿ ಪದರವೂ ಸ್ವಲ್ಪ ಕುಸಿಯುತ್ತದೆ. ಸಂದಿನ ದಪ್ಪಕ್ಕೆ ಸರಿಯಾಗಿ ಮಾಡಿಸಿದ ಒಂದೇ ಶಿಮ್ ಒಳ್ಳೆಯದು. ಕಿವಿಯಷ್ಟೇ ಅಗಲ ಇರಲಿ, ಬಾಯಿ ತೆರೆದ ಆಕಾರವಾದರೆ ಬೋಲ್ಟ್ ಪೂರ್ತಿ ತೆಗೆಯದೆ ತೂರಿಸಬಹುದು. ವಾಷರ್ ಕೂರುವ ಜಾಗದ ಬಣ್ಣ ಕೆರೆದು, ತುಕ್ಕು ತಡೆಯುವ ತೆಳು ಲೇಪ ಕೊಡಿ. ನಂತರ ಮೂರು ಬೋಲ್ಟ್ ಕೈಬಿಗಿ, ಆಮೇಲೆ ನಾಲ್ಕನೆಯದು, ಕೊನೆಗೆ ಕರ್ಣದ ಕ್ರಮದಲ್ಲಿ ಪೂರ್ತಿ ಟಾರ್ಕ್. ಬಾಗಿಲು ಮುಚ್ಚಿ ನೋಡುತ್ತಾ ಬಿಗಿಮಾಡಿ.

ಬೋಲ್ಟ್_ನಟ್:
ಮುಂದಿನ ಪೆಟ್ಟಿಗೆಗಳಿಗೆ ಒಂದು ಮಾತು. ಕಿವಿಯ ಮೇಲೆ ಹಲ್ಲಿನ ಪ್ಲೇಟ್, ಅದಕ್ಕೆ ಜೋಡಿ ಹಲ್ಲಿನ ವಾಷರ್ ಕೇಳಿ. ಹಲ್ಲು ಉದ್ದ ತೂತಿಗೆ ಅಡ್ಡವಾಗಿರಬೇಕು. ಹಲ್ಲು ಹಲ್ಲಿಗೆ ಸರಿಸಿ ಹೊಂದಿಸಬಹುದು, ಬಿಗಿಮಾಡಿದ ಮೇಲೆ ಕಿವಿ ವಾಷರ್ ಮೇಲೆ ಜಾರಲ್ಲ. ಆದರೆ ಬೋಲ್ಟ್ ಸ್ಲಾಟ್‌ನಲ್ಲಿ ಜಾರದಂತೆ ಒಂದು ತುದಿಗೆ ತಡೆಗಟ್ಟೆ ಬೇಕು. ಒಂದೇ ತುದಿಗೆ ಸಾಕು, ಇನ್ನೊಂದು ತುದಿಗೆ ಸರಿಯಲು ಜಾಗ ಇರಬೇಕು: ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 1.5 ಮೀಟರ್ ಪೆಟ್ಟಿಗೆಗೆ 40 ಡಿಗ್ರಿ ಬದಲಾದರೆ ವ್ಯತ್ಯಾಸ ಸುಮಾರು 0.7 ಮಿ.ಮೀ.

ಕೆಳಚೌಕಟ್ಟು:
ಶಿಮ್ ಹಾಕಿ ಆಯಿತು. ಹೋಸ್‌ನಿಂದ ನೀರು ಹೊಡೆದರೂ ಒಳಗೆ ಒಣಗಿದೆ. ಗೆರೆ ಸರಿಯುತ್ತದಾ ಅಂತ ಮುಂದಿನ ತಪಾಸಣೆಯಲ್ಲಿ ನೋಡುತ್ತೇವೆ. ಶಿಮ್ ಬದಲು ರಬ್ಬರ್ ಮೌಂಟ್ ಹಾಕಿ ಅಂತ ಒಬ್ಬರು ಹೇಳಿದರು.

ಗೇಜ್1676:
ಒಳಗೆ ದೊಡ್ಡ ಫ್ಯಾನ್ ಅಥವಾ ಕಂಪ್ರೆಸರ್ ಇದ್ದರೆ ರಬ್ಬರ್‌ಗೆ ಅರ್ಥ ಇದೆ. ನಿಮ್ಮದಕ್ಕೆ ಬೇಡ. ಹಾಕಲೇಬೇಕಾದರೆ ರಬ್ಬರ್ ಹರಿದರೂ ಪೆಟ್ಟಿಗೆ ಹಳಿಗೆ ಬೀಳದಂತೆ ಲೋಹದ ಸುರಕ್ಷತಾ ಹಿಡಿಕೆ ಇರಲಿ. ರಬ್ಬರ್ ವಿದ್ಯುತ್ ಹಾಯಿಸಲ್ಲ, ಆದ್ದರಿಂದ ಪೆಟ್ಟಿಗೆಯಿಂದ ಬಾಡಿಗೆ ಸ್ವಲ್ಪ ಸಡಿಲ ಬಿಟ್ಟ ಅರ್ತಿಂಗ್ ಪಟ್ಟಿಯೂ ಕಟ್ಟಬೇಕು.